ಹೈಫನ್‌ಗಳೆಲ್ಲ ಸರಿಯಾಗಿದ್ದ ಕೈಪಿಡಿ

ಜೂನ್ ಹನ್ನೊಂದರ ಬೆಳಿಗ್ಗೆ ಜೋಗೇಶ್ವರಿಯ ಠಾಣೆಗೆ ದಾನವ್ವ ದೂರು ಹೊತ್ತು ಬಂದಳು. ಪ್ಲಾಸ್ಟಿಕ್ ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಅವಳ ಗಂಡ ಬಸು ಹಿಂದಿನ ದಿನ ತೀರಿಕೊಂಡಿದ್ದ.

"ಅಂವಂದs ತಪ್ಪು ಅಂತಾರ್ರೀ ಮಾಲಕರು. ಐಟಿಐ ಪಾಸಾದಂವ, ಬುಕ್ ನೋಡಿಕೋಂತನs ಮಿಷಿನ್ ಮುಟ್ಟತಿದ್ದ. ಸತ್ತವನ ಮ್ಯಾಲೆ ತಪ್ಪು ಬರೀಬ್ಯಾಡ್ರೀ."

ವಿಜಯಪುರದ ಆ ಮಾತು ಕಿವಿಗೆ ಬಿದ್ದೊಡನೆ ಇನ್ಸ್‌ಪೆಕ್ಟರ್ ಬಂಡೆಪ್ಪ ಕಡತದಿಂದ ತಲೆಯೆತ್ತಿದ. ತನ್ನ ಮನೆಯ ಮಾತೂ ಅದೇ. ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ವೈಶಾಲಿಯೊಂದಿಗೆ ಯಂತ್ರವಿದ್ದ ಶೆಡ್ಡಿಗೆ ಹೋದ.

ಪಂಚನಾಮೆಯ ವೇಳೆ ವೈಶಾಲಿ ಯಂತ್ರ ಚಾಲೂ ಮಾಡಿಸಿ, ಸ್ಟಾಪ್ ಒತ್ತಿಸಿದಳು. ಸದ್ದು ನಿಂತಿತು. ಒಳಗಿನ ಬ್ಲೇಡು ಮಾತ್ರ ಸುಮಾರು ಹೊತ್ತು ತಿರುಗುತ್ತಲೇ ಇತ್ತು. ಪಕ್ಕದಲ್ಲಿ ತೂಗುಹಾಕಿದ್ದ ಹೊಸ ಇಂಗ್ಲಿಷ್ ಕೈಪಿಡಿ ಹೇಳುತ್ತಿದ್ದುದು ಇಷ್ಟು: ಮಾಲು ಸಿಕ್ಕಿಕೊಂಡರೆ ಸ್ಟಾಪ್ ಒತ್ತಿ, ಮುಚ್ಚಳ ತೆಗೆದು, ಕೈಯಿಂದ ಬಿಡಿಸಿ. ಬಸು ಹಾಗೇ ಮಾಡಿದ್ದ.

"ತ್ಯಾಚಿ ಚೂಕ್ ನಾಹಿ, ಸಾಹೇಬ್," ಅವನದು ತಪ್ಪಿಲ್ಲ ಎಂದು ಮರಾಠಿಯಲ್ಲಿ ಹೇಳಿದಳು ವೈಶಾಲಿ.

ಕೈಪಿಡಿ ಬರೆದ ಹಿತೇಶ್ ವಿಲೆ ಪಾರ್ಲೆಯ ಕಚೇರಿಯಲ್ಲಿ ಸಿಕ್ಕ. ಉಡುಪಿ ಕಡೆಯವನು. ಬರೆದ ಸೂಚನೆಯನ್ನು ಯಂತ್ರದ ಎದುರು ನಿಂತು, ಕೆಲಸಗಾರನಿಂದ ಓದಿಸಿ, ಮಾಡಿಸಿ ನೋಡಿದ ಮೇಲೆಯೇ ಸಹಿ ಹಾಕಬೇಕೆಂಬುದು ಕೈಪಿಡಿ ಬರೆಯುವವರ ಕಸುಬಿನ ಪದ್ಧತಿ. ಹಿತೇಶ್ ಸಹಿ ಹಾಕಿದ್ದ.

"ಮಿಷಿನ್ ನೋಡೀಯೇನು?" ಬಂಡೆಪ್ಪ ಕೇಳಿದ.

"ನೋಡಿದ್ದೇನೆ ಸರ್."

"ಸ್ಟಾಪ್ ಒತ್ತಿದ ಮ್ಯಾಲೆ ಬ್ಲೇಡ್ ಏನಾಗತೈತಿ?"

"ನಿಲ್ತದೆ."

"ತಕ್ಷಣ?"

"ಹೌದಲ್ಲ ಸರ್, ಮತ್ತೆಂತ?"

"ನೀ ಅಲ್ಲಿಗೆ ಹೋಗೇ ಇಲ್ಲ."

ಹಿತೇಶ್ ಒಪ್ಪಿಕೊಂಡ. "ಹೋಗಬೇಕಿದ್ದ ದಿವಸ ಹೈಫನ್ ಚೆಕ್ ಮಾಡ್ತಾ ಕೂತೆ ಸರ್. 'ಹೈ-ಸ್ಪೀಡ್ ಬ್ಲೇಡ್' ಅಂತ ಬ್ಲೇಡಿಗೆ ಮುಂಚೆ ಬಂದ್ರೆ ನಡುವೆ ಗೆರೆ ಬೇಕು, 'ರನ್ಸ್ ಅಟ್ ಹೈ ಸ್ಪೀಡ್' ಅಂದ್ರೆ ಬೇಡ. ಹೋದ ಸಲ ಅದೇ ತಪ್ಪಿದ್ದೆ. ಮೀಟಿಂಗ್‌ನಲ್ಲಿ ಸ್ಕ್ರೀನ್ ಮೇಲೆ ಹಾಕಿ ಎಲ್ಲ ನೆಗಾಡಿದ್ರು."

"ಬ್ಲೇಡಿನ ಬಗ್ಗೆ ಯಾರೂ ಕೇಳಲಿಲ್ಲ?"

"ಇಲ್ಲ ಸರ್. ಈ ಸಲ ಹೈಫನ್ ಎಲ್ಲ ಕರೆಕ್ಟ್ ಉಂಟು ಅಂತ ಹೊಗಳಿದ್ರು."

ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪದ ಮೇಲೆ ಅವನನ್ನು ಸಂಜೆ ನಾಲ್ಕಕ್ಕೆ ಬಂಧಿಸಲಾಯಿತು. ಶೆಡ್ಡಿನ ಮಾಲೀಕನ ಮೇಲೂ ಕೇಸು ಬಿತ್ತು. ಇಬ್ಬರಿಗೂ ಜಾಮೀನು ಸಿಗುತ್ತದೆಂದು ಬಂಡೆಪ್ಪನಿಗೆ ಗೊತ್ತಿತ್ತು. ಹಿತೇಶನಿಗೆ ಆಸೆಯೂ ಇರಲಿಲ್ಲ, ಹಗೆಯೂ ಇರಲಿಲ್ಲ. ಇನ್ನೊಮ್ಮೆ ನಗೆಪಾಟಲಾಗುವ ಭಯ ಅವನನ್ನು ಮೇಜಿಗೆ ಕಟ್ಟಿಹಾಕಿತ್ತು. ಇಷ್ಟು ಸಣ್ಣದಕ್ಕೆ ಒಂದು ಜೀವ ಹೋಯಿತಲ್ಲ ಎಂದು ಬಂಡೆಪ್ಪನಿಗೆ ಹೇಸಿಗೆಯಾಯಿತು.

ಠಾಣೆಯ ಬೆಂಚಿನ ಮೇಲೆ ದಾನವ್ವ ಕಾದಿದ್ದಳು.

"ಅಂವಂದು ತಪ್ಪಿಲ್ಲ ಅಂತ ಬರದೀವಿ, ತಂಗಿ. ಬುಕ್ಕಿನ್ಯಾಗ ಹೇಳಿದ್ದನ್ನ ಒಂದಕ್ಷರ ಬಿಡದಂಗ ಮಾಡ್ಯಾನ."

ದಾನವ್ವ ಸೆರಗನ್ನು ಬಾಯಿಗೊತ್ತಿಕೊಂಡಳು.

"ಜರಾ ತಡದು ಕೈ ಹಾಕು ಅಂತ ಹಳೇ ಮಂದಿ ಅಂವಗ ಹೇಳಿದ್ರಂತ್ರೀ. ಅವರ ಮಾತು ಕೇಳಬ್ಯಾಡ, ನೀ ಓದಿದಂವ, ಬುಕ್ ನೋಡಿ ಮಾಡು ಅಂತ ನಾನs ಅಂದಿದ್ದೆ."