ಮಲಕಾಜಪ್ಪನವರ ಬ್ರೇಕು

ಸೊಲ್ಲಾಪುರದಲ್ಲಿ ನನ್ನದೊಂದು ಗ್ಯಾರೇಜು. ಮಳೆಗಾಲದಲ್ಲಿ ಕರಜಗಿಯ ಮಲಕಾಜಪ್ಪ ಫೋನು ಮಾಡಿ, ನಿಂತ ಕಾರಿನ ಬ್ರೇಕ್ ಡಿಸ್ಕಿಗೆ ತುಕ್ಕು ಹಿಡಿದಿದೆ ಎಂದಿದ್ದರು.

"ಗಾಡಿ ಓಡಸ್ಕೋತ ಬ್ರೇಕ್ ಒತ್ರಿ. ತುಕ್ಕು ಹೋಗೂ ತನಾ ಬಿಡಬ್ಯಾಡ್ರಿ" ಎಂದಿದ್ದೆ. ಮರುದಿನ ಬೆಳಿಗ್ಗೆ ಅವರು ಹಾಸಿಗೆಯಿಂದ ಏಳಲೇ ಇಲ್ಲ, ರಾತ್ರಿಯೇ ತೀರಿಕೊಂಡಿದ್ದರು.

ಆರು ತಿಂಗಳ ಮೇಲೆ ಅವರ ಹೆಂಡತಿ ಕಸ್ತೂರಬಾಯಿ ನನ್ನನ್ನು ಕರೆಸಿದರು. ಬ್ಯಾಟರಿ ತೆಗೆದಿಟ್ಟ ಕಾರು ಅಂಗಳದಲ್ಲೇ ನಿಂತಿತ್ತು. ಟೈರಿನ ಸುತ್ತ ಹುಲ್ಲು ಬೆಳೆದಿತ್ತು. ಡಿಸ್ಕು ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು. ಮುಟ್ಟಿದೆ, ಈಗಷ್ಟೇ ಓಡಿ ಬ್ರೇಕ್ ಹಿಡಿದ ಗಾಡಿಯ ಡಿಸ್ಕಿನಂತೆ ಬೆರಳು ಸುಟ್ಟಿತು.

"ತುಕ್ಕು ಹೋಗ್ಯದ ಅಂತ ನೀವಾ ಹೇಳ್ರಿ ಅವರಿಗಿ" ಎಂದರು ಕಸ್ತೂರಬಾಯಿ. "ನನ್ನ ಮಾತ ಕೇಳವಲ್ರು."

ಏನು ಮಾಡಲಿ? ಕಾರಿನ ಬಾಗಿಲು ತೆರೆದು ಖಾಲಿ ಸೀಟಿಗೆ ಮೂರು ಸಲ ಹೇಳಿದೆ. ತಳಮುಟ್ಟ ಒತ್ತಿಕೊಂಡಿದ್ದ ಬ್ರೇಕ್ ಪೆಡಲ್ ಮೇಲೇಳಲಿಲ್ಲ.