ಅಳಿಸದ ಹನ್ನೆರಡು ಚೀಟಿಗಳು

ಹೂವಿನ ಕಾಲ ಮುಗಿಯುತ್ತ ಬಂದಿತ್ತು. ಜೇನುಪೆಟ್ಟಿಗೆಗಳಿಂದ ಕೊನೆಯ ಎರಿಗಳನ್ನು ತೆಗೆದು, ಜೇನು ಸೋಸಿ, ಬಾಟಲಿಗೆ ತುಂಬುವ ಕೆಲಸ ಒಂದು ವಾರದಿಂದ ನಡೆದಿತ್ತು. ಅಂದು ಬೆಳಿಗ್ಗೆ ಅತ್ತೆ ಎಂದಿನಂತೆ ಅಂಗಳದಲ್ಲಿ ಕಾಳು ಬಿಡಿಸುತ್ತ ಕೂತಿದ್ದರು. ಸುತ್ತಲೂ ಅವರ ಬಿಳಿ ಕೋಳಿಗಳು. ಸೊಸೆ—ಊರವರ ಬಾಯಲ್ಲಿ ಜೇನಮ್ಮ—ಉಗ್ರಾಣದ ಬಾಗಿಲು ತೆರೆದವಳೇ ಚೀರಿದಳು.

ತೊಂಬತ್ತಾರು ಬಾಟಲಿ, ನಾಲ್ಕು ತಗಡಿನ ತಟ್ಟೆಗಳಲ್ಲಿ ಸಾಲಾಗಿ ನಿಂತಿದ್ದವು. ಒಂದೊಂದಕ್ಕೂ ನಿನ್ನೆ ಸಂಜೆ ಅಂಟಿಸಿದ ಚೀಟಿ. ಚೀಟಿಯ ಮೇಲಿದ್ದ ಜೇನುನೊಣ ಕರಗಿ ನೀಲಿ ಕಲೆಯಾಗಿತ್ತು. ಹಳದಿ ಹೂವು ಕೆಸರಾಗಿತ್ತು.

ಹನ್ನೊಂದಕ್ಕೆ ಪೇಟೆಯ ಅಂಗಡಿಯ ವ್ಯಾನು ಬರುವುದಿತ್ತು. ಅಷ್ಟು ದೊಡ್ಡ ಅಂಗಡಿ ಅವಳ ಜೇನನ್ನು ಕೇಳಿದ್ದು ಇದೇ ಮೊದಲು. ‘ಚೀಟಿ ಚೆನ್ನಾಗಿರಲಿ, ಇಲ್ಲದಿದ್ರೆ ಇನ್ನೊಂದು ಸಲ ಕೇಳೋದಿಲ್ಲ’ ಎಂದು ಅಂಗಡಿಯವನು ಖಡಾಖಂಡಿತವಾಗಿ ಹೇಳಿದ್ದ.

ಪಕ್ಕದ ಮನೆಯಿಂದ ಅಂಚೆಯಣ್ಣ ಓಡಿ ಬಂದರು. ಮೂವತ್ತು ವರ್ಷ ಕಾಗದ ಹಂಚಿ ನಿವೃತ್ತರಾದವರು. ಮಳೆಯಲ್ಲಿ ನೆಂದ ವಿಳಾಸವನ್ನು ಓದಿ, ತಲುಪಬೇಕಾದವರಿಗೆ ತಲುಪಿಸುವುದರಲ್ಲಿ ಎತ್ತಿದ ಕೈ.

“ಯಾರೋ ನೀರು ಸುರಿದಿದ್ದಾರೆ ಅಂಚೆಯಣ್ಣ! ಬೇಕಂತಲೇ!”

“ಸ್ವಲ್ಪ ತಡಿ ತಂಗಿ. ಚೀಟಿ ತೆಗೆದದ್ದು ಯಾವ ಯಂತ್ರದಲ್ಲಿ?”

ಆ ಮನೆಯಲ್ಲಿ ವಾರದಿಂದ ಎರಡು ಪ್ರಿಂಟರ್‌ಗಳಿದ್ದವು. ಒಂದು, ಎದುರುಮನೆಯ ಟೀಚರಮ್ಮ ಕೊಟ್ಟಿದ್ದ, ನೀರಿನಂಥ ಶಾಯಿ ಚಿಮ್ಮಿಸುವ ಇಂಕ್‌ಜೆಟ್. ಇನ್ನೊಂದು, ಫೋನ್ ರಿಪೇರಿ ಮಾಡುವ ಮೈದುನ ತಂದಿಟ್ಟ, ಬಣ್ಣದ ಪುಡಿಯನ್ನು ಕಾವಿನಿಂದ ಕಾಗದಕ್ಕೆ ಅಂಟಿಸುವ ಕಲರ್ ಲೇಸರ್. ಎರಡನ್ನೂ ನೋಡಿ ಒಂದನ್ನು ಕೊಳ್ಳುವುದೆಂದು ಮಾತಾಗಿತ್ತು. ‘ಬಣ್ಣ ನೋಡಿ, ಫೋಟೋ ಇದ್ದ ಹಾಗಿದೆ’ ಎಂದು ಟೀಚರಮ್ಮ. ‘ವಾರ ಬಿಟ್ಟರೆ ಅದರ ಮೂತಿ ಒಣಗಿ ಕಟ್ಟಿಕೊಳ್ಳುತ್ತೆ, ಲೇಸರ್ ತಗೊಳ್ಳಿ’ ಎಂದು ಮೈದುನ. ಕೊನೆಗೆ ಚೀಟಿಗಳನ್ನು ಇಂಕ್‌ಜೆಟ್‌ನಲ್ಲೇ ತೆಗೆದಿದ್ದರು.

ಅಂಚೆಯಣ್ಣ ಬಾಟಲಿಗಳನ್ನು ಒಂದೊಂದಾಗಿ ತಿರುಗಿಸಿದರು. ತಟ್ಟನೆ ಕೈ ನಿಂತಿತು.

“ಇದು ಅಳಿಸಿಲ್ಲವಲ್ಲ!”

ಎಣಿಸಿದರು. ಅಂಥವು ಹನ್ನೆರಡು. ನೊಣದ ಕಾಲೂ ಮಾಸಿರಲಿಲ್ಲ.

“ಒಂದು ಹಾಳೆಗೆ ಎಷ್ಟು ಚೀಟಿ?”

“ಹನ್ನೆರಡು,” ಎಂದ ಜೇನಮ್ಮ, ಕೂಗು ಕೇಳಿ ಬಂದು ಬಾಗಿಲಲ್ಲಿ ನಿಂತಿದ್ದ ಮೈದುನನತ್ತ ತಿರುಗಿದಳು. “ಲೇಸರ್ದು! ಯಾವಾಗ ಅಂಟಿಸಿದ್ಯೋ?”

ಮೈದುನ ತಲೆ ಕೆರೆದುಕೊಂಡ. “ನಿನ್ನೆ ಎಲ್ಲರೂ ಅಂಟಿಸ್ತಿದ್ದಾಗ ನನ್ನದೊಂದು ಹಾಳೆ ಸೇರಿಸಿದೆ ಅತ್ತಿಗೆ. ನೀವು ಗುರುತು ಹಿಡೀತೀರಾ ನೋಡೋಣ ಅಂತ…”

“ಆಮೇಲೆ ನೀರು ಸುರಿದೆ. ನಿನ್ನ ಯಂತ್ರ ಗೆಲ್ಲಲಿ ಅಂತ!”

“ಆಣೆ ಮಾಡ್ತೀನಿ, ನೀರು—”

“ಸಾಕು! ಇನ್ನು ನನ್ನ ಉಗ್ರಾಣಕ್ಕೆ ಕಾಲಿಡಬೇಡ!”

ಅಷ್ಟರಲ್ಲಿ ಟೀಚರಮ್ಮನೂ ಬಂದಿದ್ದರು. “ನಾನು ಅವತ್ತೇ ಹೇಳಿದ್ದೆ, ಇವನ ಕಣ್ಣು ನನ್ನ ಪ್ರಿಂಟರ್ ಮೇಲಿದೆ ಅಂತ,” ಎಂದು ಒಗ್ಗರಣೆ ಹಾಕಿದರು.

ಅಂಚೆಯಣ್ಣ ಮಾತ್ರ ಚೀಟಿ ಅಳಿಸಿದ್ದ ಬಾಟಲಿಯೊಂದನ್ನು ಕಣ್ಣಿನ ಹತ್ತಿರ ಹಿಡಿದು ನಿಂತಿದ್ದರು.

“ತಂಗಿ, ಚೀಟಿಯ ಮೇಲಿನ ಸಾಲು ಓದು.”

“‘ಕಾಡುಹೂವಿನ ಜೇನು’… ಅಯ್ಯೋ, ಇದು ಸರಿಯಾಗೇ ಇದೆ!”

“ಮೇಲಿಂದ ಸುರಿದಿದ್ರೆ ಮೊದಲು ಹೋಗಬೇಕಾದ್ದು ಯಾವುದು?”

ಅಂಚೆಯಣ್ಣ ಬೆರಳನ್ನು ಚೀಟಿಯ ಬುಡಕ್ಕೆ ಇಳಿಸಿದರು.

“ನೀರು ಕೆಳಗಿಂದ ಏರಿದೆ. ಅಳಿಸದ ಹನ್ನೆರಡರದ್ದೂ ಬುಡ ಸುಕ್ಕಾಗಿದೆ, ನೋಡಿ. ಅವೂ ನೀರಲ್ಲೇ ನಿಂತಿದ್ವು. ತಟ್ಟೆ ತುಂಬ ನೀರಿತ್ತು. ಈಗಿಲ್ಲ. ಎಲ್ಲಿ ಹೋಯ್ತು?”

ಎಂದವರೇ ಅಂಗಳಕ್ಕೆ ಬಂದು, ನಿಂತು, ಗಟ್ಟಿಯಾಗಿ ನಕ್ಕರು.

“ಆ ಕೋಳಿ ನೋಡಿ!”

ಬಿಳಿ ಹೇಂಟೆಯ ಕೊಕ್ಕು ನೀಲಿ! ಎದೆಯ ಪುಕ್ಕದ ಮೇಲೂ ನೀಲಿ ಹನಿ. ಅದು ಮುಖವಿಟ್ಟಿದ್ದ ಮಣ್ಣಿನ ಬಾನಿಯಲ್ಲಿ ನೀಲಿ ನೀರು.

“ಅಮ್ಮಾ, ಕೋಳಿಗೆ ನೀರಿಟ್ಟದ್ದು ಯಾರು?”

“ನಾನೇ,” ಎಂದರು ಅತ್ತೆ, ಕಾಳಿನಿಂದ ಕೈ ತೆಗೆಯದೆ. “ಜೇನು ಇದ್ದಲ್ಲಿ ಇರುವೆ ಬರೋದಿಲ್ವೇ? ನಿನ್ನೆ ದೀಪ ಹಚ್ಚೋ ಹೊತ್ತಿಗೆ ತಟ್ಟೆಗೆ ನೀರು ಹಾಕಿದೆ. ನಾನು ಈ ಮನೆಗೆ ಬಂದಾಗಿನಿಂದ ಹಾಗೇ ಇಡೋದು. ಬೆಳಿಗ್ಗೆ ವ್ಯಾನಿನವರು ಬರ್ತಾರೆ ಅಂತ ಬಳಿದು ತೆಗೆದು ಒರೆಸಿದೆ. ನೀರು ದಂಡ ಯಾಕೆ ಅಂತ ಕೋಳಿಗಿಟ್ಟೆ.”

“ಬಣ್ಣ ಕಾಣಲಿಲ್ವಾ ಅತ್ತೆ?”

“ನನ್ನ ಕಣ್ಣಿಗೆ ಈಗ ಎಲ್ಲ ನೀರೂ ಒಂದೇ ಬಣ್ಣ ಕಣೆ. ಯಾಕೆ, ಇರುವೆ ಹತ್ತಿತ್ತಾ?”

“ಇಲ್ಲ…”

“ಮತ್ತೆ ಬೆಳಿಗ್ಗೆಯಿಂದ ಎಂಥ ಕೂಗಾಟ? ಯಾರೂ ನನ್ನ ಕೇಳಲೇ ಇಲ್ಲ.”

ಅಪರಾಧಿ ಸಿಕ್ಕಿದ್ದರು. ಶಿಕ್ಷೆ ಕೊಡುವ ಧೈರ್ಯ ಯಾರಿಗಿತ್ತು? ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು.

“ಎಂಬತ್ತನಾಲ್ಕು ಚೀಟಿ, ಏಳು ಹಾಳೆ!” ಮೈದುನ ಬೈಸಿಕೊಂಡದ್ದನ್ನೂ ಮರೆತು ಲೇಸರಿನ ಸ್ವಿಚ್ ಒತ್ತಿದ. ಅದು ಗುರ್ ಎಂದು ಬಿಸಿಯೇರಿತು. ಟೀಚರಮ್ಮ ಓಡಿ ಹೋಗಿ ತಮ್ಮ ಮಿರುಗುವ ಅಂಟುಹಾಳೆ ತಂದರು.

“ಬೇಡ ಟೀಚರ್! ಅದು ಇಂಕ್‌ಜೆಟ್ಟಿನ ಹಾಳೆ. ಇದರ ಕಾವಿಗೆ ಕರಗಿ ಒಳಗೇ ಅಂಟಿಕೊಳ್ಳುತ್ತೆ. ಸಾದಾ ಕಾಗದ ಕೊಡಿ, ಗೋಂದು ಕಲಸಿ!”

ಒಂದು ಹಾಳೆ. ಎರಡು. ಮೂರು! ಅಂಚೆಯಣ್ಣ ಕತ್ತರಿಸಿದರು. ಟೀಚರಮ್ಮ ಗೋಂದು ಹಚ್ಚಿದರು. “ಬಣ್ಣ ನನ್ನದರಷ್ಟು ಚೆನ್ನಾಗಿಲ್ಲ,” ಎನ್ನುತ್ತಲೇ ಹಚ್ಚಿದರು. ಜೇನಮ್ಮ ಹಳೆಯ ಚೀಟಿ ಕಿತ್ತು ಹೊಸದು ಅಂಟಿಸಿದಳು. ಕೊನೆಯ ಬಾಟಲಿ ಕೈಯಲ್ಲಿದ್ದಾಗಲೇ ವ್ಯಾನಿನ ಹಾರ್ನು ಕೇಳಿಸಿತು.

ಅಂಗಡಿಯವನು ಒಂದು ಬಾಟಲಿಯನ್ನು ಬಿಸಿಲಿಗೆ ಹಿಡಿದ. ಒದ್ದೆ ಬೆರಳಿನಿಂದ ಚೀಟಿಯನ್ನು ಉಜ್ಜಿದ. ನೊಣ ಅಲ್ಲಾಡಲಿಲ್ಲ.

“ಮುಂದಿನ ಹೂವಿನ ಕಾಲಕ್ಕೆ ಇನ್ನೂರು ಕೊಡ್ತೀರಾ?”

ವ್ಯಾನು ತಿರುವಿನಲ್ಲಿ ಮರೆಯಾದ ಮೇಲೆ ಮೈದುನ ಉಗ್ರಾಣದ ಹೊಸ್ತಿಲಾಚೆಯೇ ನಿಂತಿದ್ದ. ಒಳಗೆ ಲೇಸರ್ ಇನ್ನೊಮ್ಮೆ ಗುರ್ ಎಂದಿತು. ಸ್ವಲ್ಪ ಹೊತ್ತಿಗೆ ಜೇನಮ್ಮ ಹೊರಬಂದು, ಮನೆಗೆಂದು ಇಟ್ಟುಕೊಂಡಿದ್ದ ಒಂದು ಬಾಟಲಿಯನ್ನು ಅವನ ಕೈಗಿಟ್ಟಳು. ಚೀಟಿಯ ಮೇಲೆ ಅದೇ ನೊಣ, ಅದೇ ಹೂವು. ಕೆಳಗೆ ಒಂದು ಸಾಲು ಹೆಚ್ಚಿಗೆ—‘ನಿನ್ನನ್ನು ಅನುಮಾನಿಸಿದ್ದು ನನ್ನ ತಪ್ಪು.’

ಅವನ ಮುಖ ಕೆಂಪಾಯಿತು. “ಇದೊಂದನ್ನ ಇಂಕ್‌ಜೆಟ್‌ನಲ್ಲಿ ತೆಗೀಬೇಕಿತ್ತು ಅತ್ತಿಗೆ. ಒದ್ದೆ ಬಟ್ಟೇಲಿ ಒರೆಸಿಬಿಡ್ತಿದ್ದೆ.”

“ಗೊತ್ತು,” ಎಂದಳು ಜೇನಮ್ಮ. “ಅದಕ್ಕೇ ಲೇಸರ್‌ನಲ್ಲಿ ತೆಗೆದೆ. ಒಳಗೆ ಬಾ.”