ಏಳನೇ ನಂಬರಿನ ಬೆರಳು ಸನ್ನೆ

"ಏಯ್, ಏಳ್ ನಂಬರ್! ನಾಚಿಕಿ ಅನ್ನೂದು ಅದನೋ ಇಲ್ಲೋ ನಿಮಗ?"

ಭಾಲ್ಕಿ ಮೈದಾನದ ನಾಲ್ಕೂ ಧ್ವನಿವರ್ಧಕಗಳು ಒಟ್ಟಿಗೇ ಗುಡುಗಿದವು. ವಾಲಿಬಾಲ್ ಸೆಮಿಫೈನಲ್ ಗಪ್ಪನೆ ನಿಂತಿತು. ಶೇಂಗಾ ತಿನ್ನುತ್ತಿದ್ದವರ ಕೈ ಬಾಯಿಯ ಹತ್ತಿರವೇ ಉಳಿಯಿತು.

ಅಯ್ಯೋ... ಮೈಕ್ ಚಾಲೂ ಇತ್ತು!

ಉಜ್ವಲಾಗೆ ಅದು ಗೊತ್ತಾಗುವಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿತ್ತು. ಗೊತ್ತಾದರೂ ಹಿಂದೆ ಸರಿಯುವ ಹುಡುಗಿಯೇ ಅವಳು? ಅರವತ್ತು ಮಕ್ಕಳನ್ನು ಒಂದೇ ನೋಟಕ್ಕೆ ಕೂರಿಸುವ ಟೀಚರು! ದಿನಾ ಕಾಮೆಂಟ್ರಿ ಹೇಳುವ ಫಕ್ರೋದ್ದೀನ ಚಾಚಾನ ಗಂಟಲು ಕಟ್ಟಿತ್ತೆಂದು, ಧ್ವಜಾರೋಹಣದಲ್ಲಿ ಇವಳ ದನಿ ಕೇಳಿದ್ದ ಕಮಿಟಿಯವರು ಕರೆತಂದು ಕೂರಿಸಿದ್ದರು. ವಾಲಿಬಾಲಿನ ಗಂಧಗಾಳಿ ಅವಳಿಗಿಲ್ಲ. ಚೀಟಿಯಲ್ಲಿ ಬರೆದುಕೊಟ್ಟ ಅಂಕ ಓದುವುದಷ್ಟೇ ಕೆಲಸ.

ಆದರೆ ಈ ಏಳನೇ ನಂಬರಿನವನು! ನೆಟ್ಟಿನ ಬಳಿ ಅವಳಿಗೆ ಬೆನ್ನು ಮಾಡಿ ನಿಂತು, ಎರಡೂ ಕೈ ಹಿಂದಕ್ಕೆ ಕಟ್ಟಿ, ಸರಿಯಾಗಿ ಅವಳ ಮೇಜಿನತ್ತ ಬೆರಳಾಡಿಸುತ್ತಿದ್ದ. ಒಂದು ಬೆರಳು. ಎರಡು ಬೆರಳು. ಮುಷ್ಟಿ. ಮತ್ತೆ ಎರಡು ಬೆರಳು!

'ಎರಡು ಗಂಟೆಗೆ ಸಿಗು ಅಂತಾನಾ? ಎಷ್ಟು ಕೊಬ್ಬು!'

ಹನ್ನೊಂದು ಸಲ ಸಹಿಸಿದಳು. ಹನ್ನೆರಡನೆಯದಕ್ಕೆ ಎದ್ದೇ ಬಿಟ್ಟಿದ್ದಳು.

ಅವನು ತಿರುಗಿದ. ಬಿಸಿಲಿಗೆ ಕಂದಿದ ಮುಖ, ಗಾಬರಿಯ ಕಣ್ಣು. "ನನಗೇನ್ರಿ?"

"ನಿಮಗೇ! ಬೆನ್ನ ಹಿಂದ ಸನ್ನಿ ಮಾಡ್ಲತ್ತೀರಲ್ಲ, ನಾ ಏನ್ ಕುರುಡಿ ಅಂತ ತಿಳ್ಕೊಂಡೀರೇನು?"

ಅವನು ಬಾಯಿ ತೆರೆದ. ಅವಳನ್ನು ನೋಡಿದ, ಸುತ್ತ ತುಂಬಿದ್ದ ಮಂದಿಯನ್ನು ನೋಡಿದ... ಬಾಯಿ ಮುಚ್ಚಿದ. ಪಕ್ಕದಲ್ಲಿದ್ದ ಗೆಳೆಯ ಏನೋ ಹೇಳಲು ಬಂದರೆ ಅವನ ಭುಜ ಅದುಮಿ ಸುಮ್ಮನಾಗಿಸಿದ.

"ತಪ್ಪಾತ್ರಿ. ಮಾಫ್ ಮಾಡ್ರಿ."

ಕಮಿಟಿ ಅಧ್ಯಕ್ಷ ವೈಜಿನಾಥ ಸಾಹುಕಾರರು ಪಂಚೆ ಎತ್ತಿಕೊಂಡು ಬಂದರು. "ಹೆಣ್ಮಕ್ಕಳ ಇಜ್ಜತ್ ಮೊದ್ಲ, ಆಟ ಆಮ್ಯಾಲ! ಈ ಶಿವಕಾಂತ ಬೀದರ್ ಫೈನಲ್‌ದಾಗ ಆಡಂಗಿಲ್ಲ!"

ಚಪ್ಪಾಳೆ ಬಿತ್ತು. ಶಿವಕಾಂತ ತಲೆ ತಗ್ಗಿಸಿ ಹೊರನಡೆದ. ಅವನ ತಂಡ ಏದುಸಿರು ಬಿಡುತ್ತ ಎರಡು ಅಂಕದಿಂದ ಗೆದ್ದಿತು. ಉಜ್ವಲಾ ಗೆದ್ದವರ ಹೆಸರನ್ನು ಹೆಮ್ಮೆಯಿಂದಲೇ ಓದಿದಳು.

ಮರುದಿನ ಶನಿವಾರ. ಶಾಲೆಯ ಗೇಟಿನಲ್ಲಿ ಆ ಗೆಳೆಯ ಕಾಯುತ್ತಿದ್ದ. ಹೆಸರು ಖಾಲಿದ.

"ಟೀಚರ್, ಅಂವ ಸೆಟ್ಟರ್ ರೀ. ನಾವು ಹೊಡಿಲಾಕ ಬಾಲ್ ಎತ್ತಿ ಕೊಡಾಂವ. ಎದುರಿನವ್ರಿಗೆ ಕಾಣಬಾರ್ದಂತ ಬೆನ್ನ ಹಿಂದ ಬೆರಳ ತೋರಸ್ತಾನ. ಒಂದ್ ಅಂದ್ರ ಜಲ್ದಿ ಬಾಲ್, ಎರಡಂದ್ರ ಎತ್ತರದ್ದು. ನಿಮ್ಮ ಟೇಬಲ್ ನಮ್ಮ ಹಿಂದ ಇತ್ತಲ್ರಿ, ಅದಕ್ಕ..."

ಉಜ್ವಲಾಳ ಕೈಯಲ್ಲಿದ್ದ ಹಾಜರಿ ಪುಸ್ತಕ ಜಾರಿತು. "ಹೌದೇನ್ರಿ! ಮತ್ತ ಅಲ್ಲೇ ಹೇಳಬಾರ್ದಿತ್ತೇನು?"

"ನಾ ಹೇಳ್ಲಾಕೇ ಬಂದೆ. ಅಂವ ಬಿಡ್ಲಿಲ್ಲ. ‘ಟೀಚರ್ ಇದ್ದಾರ, ಮಂದಿ ನಗ್ತಾರ, ನಾಳಿ ಸಾಲಿ ಮಕ್ಕಳು ಸೈತ ನಗ್ತಾವ, ಬ್ಯಾಡ’ ಅಂದ. ನಾಳಿ ಫೈನಲ್ ನೋಡ್ಲಾಕ ಇಲಾಖೆ ಟೀಮಿನ ಸೆಲೆಕ್ಟರ್ ಬರ್ಲತ್ತಾರ. ಆರಿಸ್ಕೊಂಡ್ರ ನೌಕ್ರಿ ಸಿಗ್ತದ, ವಯಸ್ಸಿನ ಲೆಕ್ಕದಾಗ ಅಂವಗ ಇದೇ ಕಡೀ ಸಲ ರೀ..."

ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಇಲ್ಲಿ ಮಾಡಿದವಳು ಇವಳು, ಉಣ್ಣುವವನು ಅವನು! ಅವಳ ಕಣ್ಣು ತುಂಬಿ ಬಂತು. ಅರ್ಧ ದಿನದ ಶಾಲೆ ಬಿಟ್ಟದ್ದೇ ಔರಾದ್ ಬಸ್ಸು ಹತ್ತಿದಳು. ಅಲ್ಲಿಂದ ಶಿವಕಾಂತನ ಊರು ಚಿಂತಾಕಿ.

ಊರ ಅಂಚಿನ ಹೊಲದಲ್ಲಿ ಎರಡು ಬೇವಿನ ಮರದ ನಡುವೆ ತೇಪೆ ತೇಪೆಯ ಬಲೆಯೊಂದನ್ನು ಬಿಗಿದಿದ್ದರು. ಅದರ ಕೆಳಗೆ ಕುರಿಗಳು ಮಲಗಿದ್ದವು.

"ಯಾರ್ ಬೇಕವ್ವಾ?" ಎಂದಳು ಒಬ್ಬಾಕೆ. ಶಿವಕಾಂತನ ತಾಯಿ ಗಂಗುಬಾಯಿ.

"ಶಿವಕಾಂತ ಅವರು... ನಾನು ಭಾಲ್ಕಿಯಿಂದ..."

"ಅಯ್ಯ! ಮೈಕಿನಾಗ ಬಯ್ದಾಕಿ ನೀನೇನು?"

ಭೂಮಿ ಬಾಯಿ ಬಿಡಬಾರದೇ ಅನಿಸಿತು ಉಜ್ವಲಾಗೆ. ಗಂಗುಬಾಯಿ ಮಾತ್ರ ಕಂಬಳಿ ಹಾಸಿದಳು. "ಕುಂದ್ರು ಬಾ. ನಾ ದಿನಾ ಬಯ್ತೇನಿ, ನೀ ಒಂದಿನ ಬಯ್ದಿ, ಏನಾತು!"

ಹೀಗೆ ಶುರುವಾದದ್ದು ಚಹಾ ಮುಗಿದರೂ ನಿಲ್ಲಲಿಲ್ಲ. ಕುರಿದೊಡ್ಡಿಗೆ ಸುತ್ತುವ ಬಲೆಯನ್ನೇ ಹತ್ತು ವರ್ಷದ ಶಿವಕಾಂತ ನೆಟ್ಟು ಮಾಡಿದ್ದನಂತೆ. ಕುರಿಗಳೆಲ್ಲ ಕಡಲೆ ಹೊಲಕ್ಕೆ ನುಗ್ಗಿದ್ದವಂತೆ!

"ಆ ಕಡಿ ಆಡ್ಲಾಕ ಯಾರೂ ಇರ್ಲಿಲ್ಲವ್ವ. ನಾನೇ ಸೆರಗ ಕಟ್ಟಿ ನಿಂತು ಬಾಲ್ ಒಗೀತಿದ್ದೆ. ಜೋರ್ ಹೊಡದ್ರ ಅವ್ವಗ ಹತ್ತತದ ಅಂತ ಹೊಡಿಯಾದೇ ಕಲಿಲಿಲ್ಲ ನೋಡು. ಮೆತ್ತಗ ಎತ್ತಿ ಕೊಡಾದೇ ಕಲ್ತ."

ಉಜ್ವಲಾಳ ಎದೆ ಕರಗಿ ನೀರಾಯಿತು. ಆಗಲೇ ಶಿವಕಾಂತ ಮರಿಯೊಂದನ್ನು ಹೆಗಲ ಮೇಲೆ ಹೊತ್ತು ಬಂದ. ಅವಳನ್ನು ಕಂಡದ್ದೇ ಎರಡೂ ಕೈ ಮುಂದೆ ತಂದು ನಿಂತ, ಬೆರಳು ಕಾಣುವ ಹಾಗೆ!

ಅವಳಿಗೆ ಅಳುವಿನ ನಡುವೆಯೂ ನಗು ಬಂತು. "ಯಾಕ್ರಿ ಹೇಳ್ಲಿಲ್ಲ? ನಾಳಿ ನಾ ಎಲ್ಲರಿಗೂ ಹೇಳ್ತೇನಿ."

"ಬ್ಯಾಡ್ರಿ. ನಿಮ್ಮನ್ನ ನಗ್ತಾರ."

"ನಗ್ಲಿ! ನಿಮ್ಮ ನೌಕ್ರಿಗಿಂತ ದೊಡ್ಡದೇನ್ರಿ ನನ್ನ ಮಾನ?"

ಅವನು ಬಸ್ಸಿನ ತನಕ ಜೊತೆಗೆ ನಡೆದ. ಮರಿ ಹೆಗಲ ಮೇಲೆಯೇ ಇತ್ತು, ಇಳಿಸುವುದೇ ಮರೆತಿದ್ದ.

ಭಾನುವಾರ. ಬೀದರಿನ ಕ್ರೀಡಾಂಗಣ ಕಿಕ್ಕಿರಿದಿತ್ತು. ಚಾಚಾನ ಗಂಟಲು ಇನ್ನೂ ಸರಿಹೋಗಿರಲಿಲ್ಲ; ಉಜ್ವಲಾಳೇ ಎದ್ದು ಮೈಕ್ ಹಿಡಿದಳು.

"ಆಟ ಶುರು ಆಗೂಕಿನ್ನ ಮೊದ್ಲ ಒಂದ್ ಮಾತು. ಮೊನ್ನಿ ಏಳ್ ನಂಬರಿನವರು ನನಗ ಸನ್ನಿ ಮಾಡಿರ್ಲಿಲ್ಲ. ಅದು ಆಟದ ಸಿಗ್ನಲ್. ಗೊತ್ತಿಲ್ಲಾರ್ದ ಬಯ್ದಾಕಿ ನಾನು. ನನ್ನ ಮರ್ಯಾದಿ ಉಳಸ್ಲಾಕ ಅವರು ತಪ್ಪು ತಮ್ಮ ಮ್ಯಾಲ ಹಾಕ್ಕೊಂಡ್ರು. ಶಿಕ್ಷಾ ಕೊಡೂದಿದ್ರ ನನಗ ಕೊಡ್ರಿ, ಅವರನ್ನ ಆಡಿಸ್ರಿ!"

ನಗು ಸಿಡಿಯಿತು! ಗ್ಯಾಲರಿಯೇ ಹೊಟ್ಟೆ ಹಿಡಿದುಕೊಂಡಿತು. ಉಜ್ವಲಾ ಕೆಂಪಾದಳು, ಆದರೆ ತಲೆ ತಗ್ಗಿಸಲಿಲ್ಲ.

ವೈಜಿನಾಥ ಸಾಹುಕಾರರು ಕಣ್ಣೊರೆಸಿಕೊಂಡರು. "ಭಲೇ ಟೀಚರಬಾಯಿ! ಹೋಗಲೇ ಶಿವಕಾಂತ, ಅಂಗಿ ಹಾಕ್ಕೊ!"

ಅಂದಿನ ಆಟವನ್ನು ಏನೆಂದು ಹೇಳುವುದು! ಅವನು ಎತ್ತಿಕೊಟ್ಟ, ಖಾಲಿದ ಹೊಡೆದ. ಐದನೇ ಸೆಟ್, ಹದಿನಾಲ್ಕು–ಹದಿಮೂರು. ಒಂದೇ ಒಂದು ಅಂಕ ಬೇಕು. ಶಿವಕಾಂತ ಉಜ್ವಲಾಳ ಮೇಜಿಗೆ ಬೆನ್ನು ಮಾಡಿ ನೆಟ್ಟಿನ ಬಳಿ ನಿಂತ. ಕೈ ಹಿಂದೆ ಹೋಯಿತು. ಎರಡು ಬೆರಳು... ಆಮೇಲೆ ಐದೂ ಬೆರಳು ಬಿಚ್ಚಿ ಮೆಲ್ಲಗೆ ಆಡಿಸಿದ.

"ಇದ್ಯಾವ ಸಿಗ್ನಲ್‌ಲೇ!" ಖಾಲಿದ ಗಾಬರಿಯಾದ.

ಚೆಂಡು ಮೇಲೆದ್ದಿತು. ಎದುರಾಳಿಗಳೆಲ್ಲ ಖಾಲಿದನತ್ತ ಹಾರಿದರು. ಶಿವಕಾಂತ ಮಾತ್ರ ಚೆಂಡನ್ನು ಬೆರಳ ತುದಿಯಿಂದ ಮೆತ್ತಗೆ ಆಚೆ ಇಳಿಸಿದ, ಅವ್ವನಿಗೆ ತಾಗದ ಹಾಗೆ ಹಾಕುತ್ತಿದ್ದನಲ್ಲ, ಹಾಗೆ.

ಗೆದ್ದರು! ಸೆಲೆಕ್ಟರ್ ಅವನ ಹೆಸರು ಕೇಳಿ ಬರೆದುಕೊಂಡು ಬೆನ್ನು ತಟ್ಟಿದರು. ಅವನು ಅಲ್ಲಿಂದ ನೇರ ಬಂದದ್ದು ಮೇಜಿನ ಬಳಿಗೆ.

"ಐದ್ ಬೆರಳಂದ್ರ ಯಾವ ಬಾಲ್ ರೀ?" ಉಜ್ವಲಾ ಮೆಲ್ಲಗೆ ಕೇಳಿದಳು.

"ಅದು ಆಟದ್ದಲ್ರಿ. ನಿಮಗೇ ತೋರ್ಸಿದ್ದು." ಅವನ ಕಿವಿ ಕೆಂಪಾಯಿತು. "ಜೀವಾ ನಿಮ್ಮ ಮ್ಯಾಲ ಬಿದ್ದದ. ಬಯ್ಯೂದಿದ್ರ... ಈ ಸಲ ಖರೇನೇ ಬಯ್ರಿ."

ಗ್ಯಾಲರಿಯಿಂದ ಸಿಳ್ಳೆಯೋ ಸಿಳ್ಳೆ! ಅಯ್ಯೋ... ಮೈಕ್ ಮತ್ತೆ ಚಾಲೂ ಇತ್ತು!

ಉಜ್ವಲಾ ಬಂದ್ ಮಾಡಲು ಕೈಚಾಚಿದಳು. ತಡೆದಳು. ಮೈಕನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಏಳ್ ನಂಬರಿನ ಶಿವಕಾಂತ ಅವರು ಬರೂ ಆಯತವಾರ ಭಾಲ್ಕಿಗೆ, ನಮ್ಮ ಮನಿಗೆ ಚಾಕ್ಕ ಬರಬೇಕು. ನಮ್ಮಪ್ಪ ಮನ್ಯಾಗೇ ಇರ್ತಾರ."

"ಅವ್ವನ್ನ ಕರಕೊಂಡು ಬರ್ಲೇನ್ರಿ?"

"ಅವ್ವನ್ನ ಬಿಟ್ಟು ಬಂದ್ರ ಬಾಗ್ಲಾನೇ ತೆಗ್ಯಾಂಗಿಲ್ಲ!"